ಹಿಡಿ, ಬಿಡು

“ಹಿಡಿ!” ಎಂದು ಪಾಲಣ್ಣ ಕೂಗಿದ್ದೇ ತಡ, ಹುಣಸೆಗೊಂದಿಯ ಗಂಡಸರು ಬೇಲಿ ಹಾರಿ ಬಂದು ಕಳ್ಳನನ್ನು ಹಿಡಿದೇಬಿಟ್ಟರು. ಇಬ್ಬರು ತೋಳು ಹಿಡಿದರು, ಒಬ್ಬ ಕಾಲು ಹಿಡಿದ, ಇನ್ನೊಬ್ಬನಿಗೆ ಹಿಡಿಯಲು ಏನೂ ಉಳಿಯದೆ ಜುಟ್ಟಿಗೇ ಕೈ ಹಾಕಿದ. ಕಳ್ಳ ಕದ್ದು ತಂದಿದ್ದ ಎತ್ತು ಮಾತ್ರ ಯಾರ ಗೊಡವೆಗೂ ಹೋಗದೆ ಬದುವಿನ ಹುಲ್ಲು ಮೇಯತೊಡಗಿತು.

ಪಾಲಣ್ಣ ಹಣೆ ಚಚ್ಚಿಕೊಂಡ. ಅವನು ಕೂಗಿದ್ದು ಇವರಿಗಲ್ಲ. ಮೂರು ಕಾಲಿನ ಮಣೆಯ ಮೇಲೆ ಕೂತಿದ್ದ ಕ್ಯಾಮೆರಾ ಪೆಟ್ಟಿಗೆಯ ಹಿಂದೆ ನಿಂತಿದ್ದ ತನ್ನ ಅಕ್ಕ ಓಬಕ್ಕನಿಗೆ. ಹಿಡಿ ಎಂದರೆ ಪಟ ಹಿಡಿ, ಪೆಟ್ಟಿಗೆಯ ಹಿಡಿಕೆ ತಿರುಗಿಸು ಎಂದು. ಬಿಡು ಎಂದರೆ ತಿರುಗಿಸುವುದನ್ನು ನಿಲ್ಲಿಸು ಎಂದು. ಅಕ್ಕ ತಮ್ಮ ಇಬ್ಬರೇ ಇದ್ದ ಆ ಬಯಸ್ಕೋಪು ಕಂಪನಿಯ ಕಾಯಿದೆ ಕಾನೂನೆಲ್ಲ ಈ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಒಬ್ಬ ಹಾಡಹಗಲಲ್ಲಿ ಎತ್ತು ಹೊಡೆದುಕೊಂಡು ಹೋಗುತ್ತಿರುವಾಗ ಇನ್ನೊಬ್ಬ ಗಂಟಲು ಹರಿಯುವಂತೆ ಹಿಡಿ ಎಂದು ಕೂಗಿದರೆ, ಬೇಲಿಯಾಚೆಯ ಜನ ಕೈ ಕಟ್ಟಿ ನಿಲ್ಲುತ್ತಾರೆಯೇ? ತಾನು ಬಿಳಿ ಟವೆಲ್ಲು ಬೀಸುವ ತನಕ ಬರಬೇಡಿ ಎಂದು ಪಾಲಣ್ಣ ಬೆಳಗಿನಿಂದ ಬಿಡಿಸಿ ಬಿಡಿಸಿ ಹೇಳಿದ್ದ. ಅವರೂ ಆಗಲಿ ಎಂದು ತಲೆಯಾಡಿಸಿದ್ದರು. ಹಿಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ಕಾಲುಗಳು ಅವರನ್ನು ಕೇಳದೆ ಓಡಿದ್ದವು.

“ಬಿಡ್ರಲೇ ಅವನ್ನ! ಬಿಡ್ರೋ!”

ಊರವರು ಕಳ್ಳನನ್ನು ಬಿಟ್ಟರು. ಓಬಕ್ಕ ಹಿಡಿಕೆಯನ್ನು ಬಿಟ್ಟಳು. ಅಲ್ಲಿಯ ತನಕ ಆ ನೂಕಾಟ, ಆ ಜುಟ್ಟಿನ ಎಳೆದಾಟ ಎಲ್ಲವನ್ನೂ ಪಟ ಹಿಡಿಯುತ್ತಲೇ ಇದ್ದಳು. ಅವಳ ಭುಜ ಇನ್ನೂ ಕುಲುಕುತ್ತಿತ್ತು. ಸೆರಗು ಬಾಯಿಗೆ ಅಡ್ಡ ಬಂದಿತ್ತು.

“ಅಕ್ಕ, ಆಟ ಕೆಟ್ಟಿದ್ದು ಕಾಣಲಿಲ್ವಾ ನಿನಗೆ? ರೀಲು ದಂಡ ಆತಲ್ಲ! ಯಾಕೆ ತಿರುಗಿಸ್ತಾನೇ ಇದ್ದೆ?”

“ನೀನು ಬಿಡು ಅನ್ನಲಿಲ್ಲ, ನಾನು ಬಿಡಲಿಲ್ಲ. ಈಗ ಬಿಡು ಅಂದೆ, ಬಿಟ್ಟೆ.”

ಕಳ್ಳನ ವೇಷದ ಚಿಕ್ಕತಿಮ್ಮಪ್ಪ ಜುಟ್ಟು ಸವರಿಕೊಳ್ಳುತ್ತ ಬಂದ. ಸುತ್ತಿನ ಹಳ್ಳಿಗಳ ಬಯಲಾಟದಲ್ಲಿ ರಾಜನ ಪಾತ್ರ ಬಿಟ್ಟು ಬೇರೆ ಕಟ್ಟಿದವನಲ್ಲ ಅವನು. “ನೋಡಪ್ಪ ಪಾಲಣ್ಣ, ತಲೆ ಮೇಲೆ ಕಿರೀಟ ಇದ್ದಾಗ ಒಬ್ಬನೂ ನನ್ನ ಜುಟ್ಟಿಗೆ ಕೈ ಹಾಕಿದ್ದಿಲ್ಲ. ಈ ಕಳ್ಳಂಗೂ ಒಂದು ಸಣ್ಣ ಕಿರೀಟ ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಎತ್ತು ಕದಿಯೋನು ಕಿರೀಟ ಇಟ್ಕಂಡು ಬರ್ತಾನೇನೋ?”

“ಹೋಗ್ಲಿ, ಎರಡು ಪದನಾದ್ರೂ ಹಾಡ್ತೀನಿ. ಬಾಯಿ ಕಟ್ಟಿ ನಿಂತ್ರೆ ನನಗೆ ಬೆವರೇ ಬರಲ್ಲ.”

“ಈ ಪೆಟ್ಟಿಗೆಗೆ ಕಣ್ಣು ಮಾತ್ರ ಐತೆ, ಕಿವಿ ಇಲ್ಲ ಅಂತ ಎಷ್ಟು ಸಲ ಬಡ್ಕಳ್ಳಲಿ ನಾನು!”

ಬದುವಿನ ಮೇಲೆ ಕೋಲೂರಿ ಕುಳಿತಿದ್ದ ಮುದುಕಿ ಬರಗೇರಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. “ಅವತ್ತೂ ಹಿಂಗೇ ಆಗಿತ್ತು ಕಣಪ್ಪ. ನೀರಿಗೆ ಹೋಗಿದ್ದೆ, ನಾನೇ ಮೊದ್ಲು ಕಂಡೆ. ಹಿಡೀರಿ ಹಿಡೀರಿ ಅಂತ ನಾನೇ ಕೂಗಿದ್ದು. ಆ ತಿಪ್ಪಯ್ಯ...” ಎಂದು ಶುರು ಮಾಡಿ, ನಗು ಉಕ್ಕಿ ಬಂದು ಮಾತು ಮುಗಿಸಲಾರದೆ ಹೋದಳು. ಸುತ್ತ ನಿಂತವರೂ ತಿಪ್ಪಯ್ಯ ಎಂಬ ಹೆಸರು ಕೇಳಿದ್ದೇ ಕಿಸಕ್ಕನೆ ನಕ್ಕರು.

ಪಾಲಣ್ಣ ಹಲ್ಲು ಕಚ್ಚಿಕೊಂಡು ನಿಂತ. ಆ ತಿಪ್ಪಯ್ಯ ಅವನ ಅಪ್ಪ.

ಹುಣಸೆಗೊಂದಿ ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗಿದರೆ ಸಿಗುವ ಊರು. ತಿಪ್ಪಯ್ಯ ಅಲ್ಲಿನ ಹಳೆಯ ಪಟೇಲನ ಮನೆಯಲ್ಲಿ ಕಪಿಲೆ ಹೊಡೆಯುವ ಆಳಾಗಿದ್ದ. ಬಾವಿಯ ದಂಡೆಯಿಂದ ಕೆಳಕ್ಕೆ ಒಂದು ಇಳಿಜಾರು; ಎತ್ತು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರು ಕಾಲುವೆಗೆ ಸುರಿದ ಮೇಲೆ ಅದೇ ಎತ್ತು ತಿರುಗದೆ, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ದಂಡೆಗೆ ವಾಪಸು ಬರುತ್ತದೆ. ಇಡೀ ದಿನ ಇದೇ ಕೆಲಸ. ಕೆಂದ ಎಂಬ ಎತ್ತಿಗೆ ಕರುವಾಗಿದ್ದಾಗಿನಿಂದ ಈ ನಡಿಗೆ ಕಲಿಸಿದವನು ತಿಪ್ಪಯ್ಯ. ಕೆಂದ ಮುದಿಯಾಯಿತು. ಪಟೇಲ ಅದನ್ನು ತೊಗಲಿನ ವ್ಯಾಪಾರಿಗೆ ಮಾರಲು ಮಾತು ಮುಗಿಸಿದ. ತಿಪ್ಪಯ್ಯನ ಎದೆ ತಡೆಯಲಿಲ್ಲ. ಅದೇ ರಾತ್ರಿ ಬಾವಿಯ ಬಳಿ ಕಟ್ಟಿದ್ದ ಎತ್ತನ್ನು ಬಿಚ್ಚಿಕೊಂಡು ಹೊರಟೇಬಿಟ್ಟ.

ಇಲ್ಲಿಗೆ ಕಣ್ಣೀರಿನ ಕತೆ. ಮುಂದೆ ಆದದ್ದನ್ನು ಹುಣಸೆಗೊಂದಿ ಇವತ್ತಿಗೂ ಹೇಳಿಕೊಂಡು ನಗುತ್ತದೆ. ಕೆಂದ ಕಪಿಲೆ ಇಳಿಜಾರಿನ ಉದ್ದ ಎಷ್ಟೋ ಅಷ್ಟು ದೂರ ನೆಟ್ಟಗೆ ನಡೆಯಿತು, ನಿಂತಿತು, ಆಮೇಲೆ ಹಿಂದು ಹಿಂದಕ್ಕೆ ನಡೆದು ಹೊರಟ ಜಾಗಕ್ಕೇ ಬಂದು ನಿಂತಿತು. ತಿಪ್ಪಯ್ಯ ಬೇಡಿಕೊಂಡ, ಗದರಿದ, ಮುಂದಿನಿಂದ ಜಗ್ಗಿದ, ಹಿಂದಿನಿಂದ ನೂಕಿದ. ತಾನೇ ಕಲಿಸಿದ ಪಾಠವನ್ನು ಎತ್ತು ಒಂದಿಷ್ಟೂ ಮರೆತಿರಲಿಲ್ಲ. ಬೆಳಗಾಗುವವರೆಗೆ ಕಳ್ಳ ಕದ್ದ ಎತ್ತಿನ ಜೊತೆ ಅದೇ ಬಾವಿಯ ಮುಂದೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದ. ಆಗ ಬರಗೇರಮ್ಮ ಕೊಡ ಹಿಡಿದು ಬಂದಳು.

ದುರ್ಗದ ಜೈಲಿನಲ್ಲಿ ಇದ್ದು ಬಂದ ಮೇಲೆ ತಿಪ್ಪಯ್ಯ ಊರಿಗೆ ‘ಹಿಂದ್ಮುಂದೆ ತಿಪ್ಪಯ್ಯ’ ಆದ. ಪಾಲಣ್ಣ ಮಠದ ಶಾಲೆಗೆ ಹೊರಟರೆ ಹುಡುಗರು ಅವನ ಮುಂದೆ ಹಿಂದು ಹಿಂದಕ್ಕೆ ನಡೆಯುತ್ತ ಹೋಗುತ್ತಿದ್ದರು. ಅಪ್ಪ ಸತ್ತಾಗ ಹೆಣ ಹೊತ್ತವರಲ್ಲೊಬ್ಬ, ನೆಟ್ಟಗೆ ಹೋಗ್ತಾನೋ ಅರ್ಧ ದಾರಿಗೆ ವಾಪಸು ಬರ್ತಾನೋ ಎಂದಿದ್ದ. ಹೆಣ ಹೊತ್ತ ಜನ ನಕ್ಕಿದ್ದರು. ಆ ನಗು ಪಾಲಣ್ಣನ ಹೊಟ್ಟೆಯಲ್ಲಿ ಕೆಂಡದಂತೆ ಉಳಿಯಿತು.

ಆಮೇಲೆ ಅವನು ಹನುಮಂತಯ್ಯನ ಬಯಸ್ಕೋಪು ಟೆಂಟು ಸೇರಿದ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ ಎಂದು ಸಂತೆಯಿಂದ ಸಂತೆಗೆ ಟೆಂಟು ಹೋಗುತ್ತಿತ್ತು. ಮಾತಿಲ್ಲದ ಆ ಚಿತ್ರಗಳಿಗೆ ಪರದೆಯ ಪಕ್ಕ ಬೆತ್ತ ಹಿಡಿದು ನಿಂತು ಕತೆ ಹೇಳುವುದು ಅವನ ಕೆಲಸ. ರಾಣಿ ಕಾಡಿಗೆ ಹೊರಟಳೆಂದು ಅವನು ದನಿ ಇಳಿಸಿದರೆ ಸಾಕು, ಸಂತೆಗೆ ಬಂದ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಯಾರದೋ ರಾಣಿಗೆ ಅಳುವವರು ನಮ್ಮಪ್ಪನಿಗೆ ಯಾಕೆ ಅಳಬಾರದು ಎಂಬುದು ಅಲ್ಲಿ ಅವನ ತಲೆಗೆ ಹೊಕ್ಕಿತು. ಹಿರಿಯೂರಿನ ಟೆಂಟಿಗೆ ಆಟ ನೋಡಲು ಬರುತ್ತಿದ್ದ ಮಾರಿಕಣಿವೆಯ ಬಿಳಿ ಇಂಜಿನಿಯರೊಬ್ಬ ತನ್ನ ದೇಶಕ್ಕೆ ವಾಪಸು ಹೊರಟಾಗ, ಅಣೆಕಟ್ಟೆಯ ಪಟ ಹಿಡಿಯಲು ತಂದಿದ್ದ ಹಳೆಯ ಕ್ಯಾಮೆರಾವನ್ನೂ ಉಳಿದ ರೀಲುಗಳನ್ನೂ ಭಾರ ಎಂದು ಇವನಿಗೇ ಬಿಟ್ಟುಹೋದ. ಪಾಲಣ್ಣ ಅದನ್ನು ತಲೆಯ ಮೇಲೆ ಹೊತ್ತು ಊರಿಗೆ ಬಂದ. ಹುಣಸೆಗೊಂದಿ ಒಂದೇ ಒಂದು ಸಲ ತಿಪ್ಪಯ್ಯನನ್ನು ನೋಡಿ ಅಳಬೇಕು. ಅವನಿಗೆ ಬೇಕಾಗಿದ್ದುದು ಇಷ್ಟೇ.

ಈ ಇಷ್ಟಕ್ಕೆ ಅಡ್ಡಿಗಳು ಮಾತ್ರ ಸಾಲುಗಟ್ಟಿ ಬಂದವು.

ಮೊದಲನೆಯ ಅಡ್ಡಿ ಈಗಿನ ಪಟೇಲ ಗೋವಿಂದಪ್ಪ, ಆ ಹಳೆಯ ಪಟೇಲನ ಮಗ. ಬಾವಿ, ಕಪಿಲೆ, ಎತ್ತು, ಹೊಲ ಎಲ್ಲ ಅವನವು. ಅವನು ಒಪ್ಪದೆ ಒಂದು ಹುಲ್ಲುಕಡ್ಡಿಯನ್ನೂ ಪಟ ಹಿಡಿಯುವಂತಿರಲಿಲ್ಲ. “ಆಗ್ಲಪ್ಪ, ಮಾಡ್ಕ. ಆದ್ರೆ ನಮ್ಮಪ್ಪನ ಪಾತ್ರ ನಾನೇ ಮಾಡೋನು. ಜರಿ ರುಮಾಲು ಸುತ್ಕಂಡು ಮಾಡ್ತೀನಿ. ಕೊನೇಲಿ ಕಳ್ಳ ಸಿಕ್ಕಿಬಿದ್ದು ನನ್ನ ಕಾಲಿಗೆ ಬೀಳಬೇಕು. ತಪ್ಪಾತು ಅನ್ನಬೇಕು. ಅದಿಲ್ಲಾಂದ್ರೆ ನಿನ್ನ ಪೆಟ್ಟಿಗೆ ಊರೊಳಗೇ ತರಬ್ಯಾಡ,” ಎಂದ. ಅಪ್ಪನನ್ನು ಪಟೇಲನ ಕಾಲಿಗೆ ಬೀಳಿಸುವುದು ಪಾಲಣ್ಣನಿಗೆ ಉಗುಳು ನುಂಗಿದಷ್ಟು ಸುಲಭವಾಗಿರಲಿಲ್ಲ. ಆದರೂ ನುಂಗಿದ.

ಎರಡನೆಯ ಅಡ್ಡಿ ಸ್ವಂತ ಅಕ್ಕ. ಅವಳಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ, ಅವಳಿದ್ದರೂ ನೆಟ್ಟಗೆ ನಡೆಯುತ್ತಿರಲಿಲ್ಲ. ಕ್ಯಾಮೆರಾದ ಹಿಡಿಕೆಯನ್ನು ಒಂದೇ ಸಮ ತಿರುಗಿಸಬೇಕು. ಪಾಲಣ್ಣನ ಕೈ ಮನಸ್ಸಿನ ಜೊತೆ ಏರಿಳಿಯುತ್ತಿತ್ತು. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದ ಓಬಕ್ಕ ಹುಡುಗಿಯಾಗಿದ್ದಾಗಿನಿಂದ ರಾಗಿ ಬೀಸಿದವಳು. ಬೀಸುವ ಪದವನ್ನು ಗುನುಗುತ್ತ ಹಿಡಿಕೆಗೆ ಕೈ ಹಾಕಿದರೆ ಗಡಿಯಾರದ ಹಾಗೆ ತಿರುಗಿಸುತ್ತಿದ್ದಳು. ಆದರೆ ನಗು ಬಂತೆಂದರೆ ಪದ ತಪ್ಪುತ್ತಿತ್ತು, ಕೈ ನಿಧಾನವಾಗುತ್ತಿತ್ತು. ಹಿಡಿಕೆ ನಿಧಾನವಾದರೆ ಪೆಟ್ಟಿಗೆಯೊಳಗೆ ಪಟಗಳು ಕಡಿಮೆ ಬೀಳುತ್ತವೆ. ಅವನ್ನು ಪರದೆಗೆ ಮಾಮೂಲು ವೇಗದಲ್ಲಿ ಬಿಟ್ಟಾಗ ನಡೆಯುವವನು ಓಡುತ್ತಾನೆ, ಓಡುವವನು ಹಾರುತ್ತಾನೆ.

ಗೋವಿಂದಪ್ಪ ಜರಿ ರುಮಾಲು ಸುತ್ತಿ ಮೀಸೆ ತಿರುವುತ್ತ ಬಂದನೋ ಇಲ್ಲವೋ, ಓಬಕ್ಕನ ಭುಜ ಕುಲುಕಲು ಶುರುವಾಗುತ್ತಿತ್ತು.

“ನಗಬ್ಯಾಡ ಅಕ್ಕ, ನಿನ್ನ ಕಾಲು ಹಿಡೀತೀನಿ. ಇದು ಅಳೋ ಕತೆ.”

“ಅಳೋ ಕತೆನಾ? ಅಪ್ಪ ನನಗೆ ಇದನ್ನ ಎಷ್ಟು ಸಲ ಹೇಳಿದ್ದ ಗೊತ್ತಾ? ಹೇಳ್ತಾ ಹೇಳ್ತಾ ತಾನೇ ಬಿದ್ದು ಬಿದ್ದು ನಗೋನು. ಆಗ ನೀನಿನ್ನೂ ಸಣ್ಣೋನು, ನಿನಗೆಲ್ಲಿ ನೆಪ್ಪಿರ್ತೈತೆ.”

“ಅಪ್ಪ ನಕ್ಕಿದ್ದು ಬೇರೆ, ಊರು ನಕ್ಕಿದ್ದು ಬೇರೆ!”

ಓಬಕ್ಕ ಅವನ ಮುಖ ನೋಡಿದಳು. “ಅದು ನನಗೂ ಗೊತ್ತೈತೆ ಕಣೋ,” ಎಂದಳು. ಆಮೇಲೆ ಗೋವಿಂದಪ್ಪ ಕುರ್ಚಿಯ ಮೇಲೆ ಕೂರಲು ಹೋಗಿ ರುಮಾಲು ಕಣ್ಣ ಮೇಲೆ ಜಾರಿತು, ಮತ್ತೆ ಅವಳ ಪದ ತಪ್ಪಿತು.

ಹಿಡಿ ಎಂಬ ಮಾತನ್ನೇ ಬದಲಾಯಿಸೋಣ ಎಂದು ಪಾಲಣ್ಣ ಪ್ರಯತ್ನಪಟ್ಟ. “ತಿರುಗಿಸು!” ಎಂದು ಕೂಗಿದರೆ ಚಿಕ್ಕತಿಮ್ಮಪ್ಪ ಎತ್ತನ್ನು ತಿರುಗಿಸಿಕೊಂಡು ಕ್ಯಾಮೆರಾಗೇ ಎದುರಾಗಿ ಬಂದ. “ಶುರು!” ಎಂದರೆ ಓಬಕ್ಕನ ಕೈ ಅಲ್ಲಾಡಲೇ ಇಲ್ಲ. “ಅವ್ವ ಬೀಸೋ ಕಲ್ಲಿನ ಮುಂದೆ ಕೂತು ದಣಿದಾಗ, ಹಿಡಿ ಓಬಿ ಅನ್ನೋಳು, ನಾನು ಹಿಡೀತಿದ್ದೆ. ಬಿಡು ಅನ್ನೋಳು, ಬಿಡ್ತಿದ್ದೆ. ನನ್ನ ಕೈಗೆ ಈ ಎರಡು ಮಾತು ಬಿಟ್ರೆ ಬೇರೆ ತಿಳಿಯಲ್ಲ ಕಣೋ. ಕಿವಿಗಿಂತ ಮೊದ್ಲು ಕೈ ಕೇಳ್ತೈತೆ.” ಹೀಗೆ ಕಂಪನಿಯ ಕಾನೂನು ಇದ್ದ ಹಾಗೇ ಉಳಿಯಿತು.

ಆ ಬಯಸ್ಕೋಪಿನಲ್ಲಿ ಹೇಳಿದಂತೆ ಕೇಳಿದ್ದು ಎತ್ತು ಒಂದೇ. ಗೋವಿಂದಪ್ಪನ ಕಪಿಲೆಯ ಎತ್ತನ್ನೇ ತಂದಿದ್ದರು. ಊರವರು ಬೇಲಿ ಹಾರುವುದಕ್ಕೆ ಹಿಂದಿನ ದಿನ ಅದು ಚಿಕ್ಕತಿಮ್ಮಪ್ಪನ ಜೊತೆ ಇಳಿಜಾರಿನ ಉದ್ದಕ್ಕೆ ಮುಂದೆ ನಡೆಯಿತು, ನಿಂತಿತು, ಹಿಂದಕ್ಕೆ ನಡೆಯಿತು. ಯಾರೂ ಕಲಿಸಬೇಕಾಗಲಿಲ್ಲ. ಅಪ್ಪನ ಆ ರಾತ್ರಿ ಹಗಲು ಬೆಳಕಿನಲ್ಲಿ ಪಾಲಣ್ಣನ ಕಣ್ಣ ಮುಂದೆ ನಡೆಯುತ್ತಿತ್ತು. ರಾಜನ ಠೀವಿಯನ್ನು ಬಿಡಲೊಲ್ಲದ ಚಿಕ್ಕತಿಮ್ಮಪ್ಪ ಕೂಡ ಎತ್ತಿನ ಜೊತೆ ಜಗ್ಗಾಡಿ ಜಗ್ಗಾಡಿ ನಿಜವಾಗಿಯೂ ಸೋತು, ಕೊನೆಗೆ ಅದರ ಕೊರಳಿಗೆ ಒರಗಿ ನಿಂತುಬಿಟ್ಟ. ಈಗ ಅಕ್ಕ ನಕ್ಕೇ ನಗುತ್ತಾಳೆ ಎಂದು ಪಾಲಣ್ಣ ಹಿಂದೆ ತಿರುಗಿ ನೋಡಿದ. ಓಬಕ್ಕನ ತುಟಿಗಳು ಪದ ಗುನುಗುತ್ತಿದ್ದವು, ಕೈ ಒಂದೇ ಸಮ ತಿರುಗುತ್ತಿತ್ತು.

“ಇಲ್ಲಿ ಯಾಕೆ ನಗಲಿಲ್ಲ?” ಎಂದು ಆಮೇಲೆ ಕೇಳಿದ.

“ಇಲ್ಲೇನೈತೆ ನಗಾಕೆ?” ಎಂದು ಅವಳು ಪೆಟ್ಟಿಗೆಗೆ ಕಂಬಳಿ ಹೊದಿಸಿದಳು.

ಮರುದಿನವೇ ಈ ಹಿಡಿಯುವ ರಗಳೆ. ಕಳ್ಳ ಎತ್ತಿನೊಂದಿಗೆ ಬೆಳಗಿನ ಬೆಳಕಿನಲ್ಲಿ ಒಂದಿಷ್ಟು ದೂರ ನಡೆಯಬೇಕು, ಟವೆಲ್ಲು ಬೀಸಿದಾಗ ಜನ ಬಂದು ಹಿಡಿಯಬೇಕು. ಹಿಡಿ ಎಂದ ಪ್ರತಿ ಸಲವೂ ಅವನು ಎರಡು ಹೆಜ್ಜೆ ನಡೆಯುವುದರೊಳಗೆ ಜನ ಮೇಲೆ ಬೀಳುತ್ತಿದ್ದರು. ಪ್ರತಿ ಸಲವೂ ಪಾಲಣ್ಣ ಬಿಡ್ರೋ ಎಂದು ಕೂಗುತ್ತಿದ್ದ, ಓಬಕ್ಕ ನಿಲ್ಲಿಸುತ್ತಿದ್ದಳು, ಕಳ್ಳ ಜುಟ್ಟು ಸವರಿಕೊಂಡು ಮತ್ತೆ ಮೊದಲಿನಿಂದ ನಡೆಯುತ್ತಿದ್ದ. ರೀಲು ಮುಗಿಯುತ್ತ ಬಂತು. ಕಡೆಗೆ ಪಾಲಣ್ಣ ರೋಸಿ ಹೋಗಿ, ಎಲ್ಲಿಗೆ ಬಂತೋ ಅಲ್ಲಿಗೆ ಸಾಕೆಂದು, ಕಳ್ಳ ಗೋವಿಂದಪ್ಪನ ಕಾಲಿಗೆ ಬೀಳುವ ಕೊನೆಯನ್ನು ಪಟ ಹಿಡಿಸಿ ಮುಗಿಸಿದ. ಕಾಲಿಗೆ ಬಿದ್ದಾಗ ಗೋವಿಂದಪ್ಪ ಎಡಗಾಲನ್ನು ಒಂದಿಷ್ಟು ಮುಂದಕ್ಕೆ ಚಾಚಿದ. ಪಾಲಣ್ಣ ಮುಖ ಬೇರೆ ಕಡೆ ತಿರುಗಿಸಿದ.

ರೀಲನ್ನು ತೊಳೆಸಿ ಪ್ರತಿ ಮಾಡಿಸಲು ಮುಂಬಯಿಗೆ ಪಾರ್ಸೆಲು ಹೋಯಿತು. ಹೋದದ್ದು ಬರಲಿಲ್ಲ. ಪಾಲಣ್ಣ ದಿನವೂ ಹೊಳಲ್ಕೆರೆಯ ರೈಲು ಠಾಣೆಗೆ ಹೋಗಿ ಬರುತ್ತಿದ್ದ. ಅವನ ಮುಖ ಕಂಡರೆ ಠಾಣೆಯ ಗುಮಾಸ್ತ ಕೇಳುವ ಮೊದಲೇ ಕೈ ಅಲ್ಲಾಡಿಸುತ್ತಿದ್ದ. ಬಂದಮೇಲೆ ನಿಧಾನವಾಗಿ ಕೂತು, ಕೆಟ್ಟದ್ದನ್ನೆಲ್ಲ ಕತ್ತರಿಸಿ ತೆಗೆದು, ಒಳ್ಳೆಯದನ್ನು ಮಾತ್ರ ಅಂಟಿಸಬೇಕೆಂದು ಅವನ ಲೆಕ್ಕ. ಇತ್ತ ಹೊಳಲ್ಕೆರೆ ಸಂತೆಯಲ್ಲಿ ಒಂದು ಆಟಕ್ಕೆ ತನ್ನ ಟೆಂಟು ಕೊಡುತ್ತೇನೆಂದಿದ್ದ ಹನುಮಂತಯ್ಯ ಹಳ್ಳಿ ಹಳ್ಳಿಗೆ ತಮಟೆ ಹೊಡೆಸಿಬಿಟ್ಟಿದ್ದ. ಪಾರ್ಸೆಲು ಬಂದದ್ದು ಆ ಸಂತೆಯ ದಿನವೇ, ಮಧ್ಯಾಹ್ನದ ಗಾಡಿಗೆ. ಕತ್ತರಿಸಲು ಹೊತ್ತೆಲ್ಲಿ? ಪಾಲಣ್ಣ ರೀಲಿನ ತುದಿಯನ್ನು ಸೂರ್ಯನಿಗೆ ಹಿಡಿದು ನೋಡಿದ. ಹೆಬ್ಬೆರಳಿನ ಉಗುರಿನಷ್ಟಿದ್ದ ಅಪ್ಪ ಹೆಬ್ಬೆರಳಿನ ಉಗುರಿನಷ್ಟಿದ್ದ ಎತ್ತಿನ ಪಕ್ಕ ನಿಂತಿದ್ದ. ಮತ್ತೆ ಸುತ್ತಿಟ್ಟ.

ಪರದೆಗೆ ಚಿತ್ರ ಬಿಡುವ ಯಂತ್ರದ ಹಿಡಿಕೆಯನ್ನೂ ಓಬಕ್ಕನೇ ಹಿಡಿದಳು. “ನಾನು ಹಿಡಿದ ಪಟ, ಬಿಡೋಳೂ ನಾನೇ,” ಎಂದಳು. ಹನುಮಂತಯ್ಯ ಅವಳಿಗೆ ಒಂದೇ ಎಚ್ಚರಿಕೆ ಹೇಳಿದ. “ಏನಾದ್ರೂ ಆಗ್ಲಿ ತಾಯಿ, ಮಧ್ಯದಲ್ಲಿ ಕೈ ನಿಲ್ಲಿಸಬ್ಯಾಡ. ಈ ರೀಲು ಬತ್ತಿ ಇದ್ದಂಗೆ. ದೀಪದ ಮುಂದೆ ಒಂದು ಗಳಿಗೆ ನಿಂತರೆ ಹೊತ್ಕಳ್ತೈತೆ.” ಓಬಕ್ಕ ಗೊತ್ತಾಯಿತೆಂದು ತಲೆಯಾಡಿಸಿದಳು. ಹನುಮಂತಯ್ಯ ನೆನೆಸಿದ ಗೋಣಿಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೂತ.

ದೀಪ ಹಚ್ಚುವ ಹೊತ್ತಿಗೆ ಹುಣಸೆಗೊಂದಿಗೆ ಹುಣಸೆಗೊಂದಿಯೇ ಗಾಡಿ ಕಟ್ಟಿಕೊಂಡು ಬಂದು ಟೆಂಟಿನಲ್ಲಿ ಕೂತಿತ್ತು. ಮುಂದೆ ಕುರ್ಚಿಯ ಮೇಲೆ ಗೋವಿಂದಪ್ಪ, ಅದೇ ಜರಿ ರುಮಾಲಿನಲ್ಲಿ. ಹೆಂಗಸರ ಕಡೆ ಕೋಲು ಹಿಡಿದ ಬರಗೇರಮ್ಮ. ಪಾಲಣ್ಣ ಪರದೆಯ ಪಕ್ಕ ಬೆತ್ತ ಹಿಡಿದು ನಿಂತು, ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ ಮಾತನ್ನು ದನಿ ಇಳಿಸಿ ಶುರು ಮಾಡಿದ. “ಮಹಾಜನಗಳೇ, ಇದು ಒಂದು ಎತ್ತಿನ ಕತೆ. ಎತ್ತನ್ನು ಮಗನಂತೆ ಸಾಕಿದ ಒಬ್ಬ ಬಡವನ ಕತೆ...”

ಮೊದಲು ಕಪಿಲೆ ಬಂತು. ಅಪ್ಪ ಎತ್ತಿನ ಬೆನ್ನು ಸವರುತ್ತಿದ್ದ. ಜನ ಕಣ್ಣರಳಿಸಿ ನೋಡಿದರು. ಆಮೇಲೆ ಪಟೇಲ ಬಂದ.

ಬಂದ ಎನ್ನುವುದು ತಪ್ಪು. ಪಟೇಲ ಕುಪ್ಪಳಿಸಿದ. ಹುಂಜದ ಹಾಗೆ ಪಟಪಟ ಓಡಿ ಬಂದು, ಮೀಸೆಯನ್ನು ಸರಸರ ತಿರುವಿ, ಕುರ್ಚಿಯ ಮೇಲೆ ದೊಪ್ಪನೆ ಕೂತ. ರುಮಾಲು ಕಣ್ಣಿಗೆ ಬಿತ್ತು, ಎತ್ತಿದ, ಮತ್ತೆ ಬಿತ್ತು. ಟೆಂಟು ನಗುವಿನಲ್ಲಿ ಹಾರಿಹೋಗುವಂತಾಯಿತು.

“ನಗಬ್ಯಾಡ್ರಿ! ಇದು ನಗೋ ಜಾಗ ಅಲ್ಲ! ಈ ಕಟುಕ ಪಟೇಲ ಎತ್ತನ್ನ ಮಾರ್ತಾ ಇದ್ದಾನೆ!” ಎಂದು ಪಾಲಣ್ಣ ಪರದೆಗೆ ಬೆತ್ತ ಬಡಿದ. ಅವನು ಬಡಿದಷ್ಟೂ ಜನ ನಕ್ಕರು. ಗೋವಿಂದಪ್ಪ ಕುರ್ಚಿಯಿಂದ ಎದ್ದು, “ನಾನು ಹಂಗೆ ನಡೆಯಲ್ಲ ಕಣ್ರೋ!” ಎಂದು ನಡೆದು ತೋರಿಸಿದ. ಅದಕ್ಕೆ ಇನ್ನಷ್ಟು ನಕ್ಕರು. ಪಾಲಣ್ಣನಿಗೆ ಅಳುವೇ ಬಂತು. ಅಕ್ಕನ ನಗು ತನ್ನ ಬಾಳಿನ ಒಂದೇ ಕೆಲಸವನ್ನು ಹಾಳು ಮಾಡಿತ್ತು. ಇನ್ನು ಬರುವುದು ಅಪ್ಪನ ರಾತ್ರಿ. ಪಟೇಲನಿಗೇ ಹೀಗೆ ನಕ್ಕವರು ಅದಕ್ಕೆ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಾರೆ. ಕಣ್ಣು ಮುಚ್ಚಿ, “ಇದು ರಾತ್ರಿ ಅಂತ ತಿಳ್ಕಳ್ರಿ,” ಎಂದಷ್ಟೇ ಹೇಳಿದ.

ಎತ್ತು ಮುಂದಕ್ಕೆ ನಡೆಯಿತು, ನಿಂತಿತು, ಹಿಂದಕ್ಕೆ ನಡೆಯಿತು. ಅಲ್ಲೊಂದು ಇಲ್ಲೊಂದು ನಗು ಕೇಳಿಸಿತು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಪಾಲಣ್ಣ ಕಾಯುತ್ತ ನಿಂತ. ನಗು ಏರಲಿಲ್ಲ. ಕಣ್ಣು ತೆರೆದು ನೋಡಿದರೆ ಪರದೆಯ ಮೇಲಿನ ಮನುಷ್ಯ ಮನುಷ್ಯನ ಹಾಗೆಯೇ ನಡೆಯುತ್ತಿದ್ದ. ಸೋತ ಮನುಷ್ಯ ಎಷ್ಟು ನಿಧಾನವಾಗಿ ನಡೆಯಬೇಕೋ ಅಷ್ಟೇ ನಿಧಾನ. ಕೊನೆಗೆ ಎತ್ತಿನ ಕೊರಳಿಗೆ ಒರಗಿ ನಿಂತ. ಎತ್ತು ಕಿವಿ ಅಲ್ಲಾಡಿಸಿತು. ಯಂತ್ರದ ಕಟಕಟ ಸದ್ದು ಬಿಟ್ಟರೆ ಟೆಂಟಿನಲ್ಲಿ ಬೇರೆ ಸದ್ದಿರಲಿಲ್ಲ.

ಅಷ್ಟರಲ್ಲಿ ಚಿತ್ರದಲ್ಲಿ ಬೆಳಗಾಯಿತು, ಹುಣಸೆಗೊಂದಿ ಬೇಲಿ ಹಾರಿತು. ತಮ್ಮನ್ನು ತಾವೇ ಪರದೆಯ ಮೇಲೆ ಕಂಡ ಗಂಡಸರು ಹೋ ಎಂದರು. ಮಿಡತೆಗಳ ಹಾಗೆ ಹಾರಿ ಹಾರಿ ಬಂದು ಕಳ್ಳನ ಮೇಲೆ ಬಿದ್ದರು. ಜುಟ್ಟು ಹಿಡಿದವನು ಜುಟ್ಟನ್ನು ಎಳೆದೇ ಎಳೆದ. ಪಾಲಣ್ಣ ಕತ್ತರಿಸಬೇಕೆಂದಿದ್ದ ಭಾಗ ಅದು. ಗುಂಪು ಕಳ್ಳನನ್ನು ಪೂರ್ತಿ ಮುಚ್ಚಿಕೊಂಡಿತು ಎನ್ನುವಷ್ಟರಲ್ಲಿ, ಕಣ್ಣು ಮಿಟುಕಿಸುವುದರೊಳಗೆ, ಗುಂಪು ಮಾಯ. ಅಂದು ಓಬಕ್ಕ ಹಿಡಿಕೆ ನಿಲ್ಲಿಸಿ ಮತ್ತೆ ತಿರುಗಿಸಿದ್ದು ಇಲ್ಲೇ. ಕಳ್ಳ ಎತ್ತಿನ ಜೊತೆ ಆರಾಮಾಗಿ ನಡೆಯುತ್ತಿದ್ದ. ಜನ ಬೆರಗಾದರು. ಮತ್ತೆ ಊರು ಬೇಲಿ ಹಾರಿತು, ಮತ್ತೆ ಹಿಡಿಯಿತು, ಮತ್ತೆ ಕಳ್ಳ ಏನೂ ಆಗದವನಂತೆ ನಡೆದ. ಎಷ್ಟು ಸಲ ಹಿಡಿದರೂ ಸಿಗದ ಕಳ್ಳ! ಜನ ಎದ್ದು ನಿಂತು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವ ಹಾಗೆ. ಪಾಲಣ್ಣನಿಗೆ ಗಕ್ಕನೆ ಹೊಳೆಯಿತು: ಅವರು ನಗುತ್ತಿದ್ದುದು ಹಿಡಿಯಲು ಬರುವವರನ್ನು ನೋಡಿ, ಕಳ್ಳನನ್ನು ನೋಡಿ ಅಲ್ಲ.

“ಬಿಡ್ರೋ ಅವನ್ನ!”

ಹೆಂಗಸರ ಕಡೆಯಿಂದ ಬಂದ ಕೂಗು ಅದು. ಬರಗೇರಮ್ಮ ಎದ್ದು ನಿಂತು ಪರದೆಯ ಕಡೆ ಕೋಲು ಬೀಸುತ್ತಿದ್ದಳು. “ರಾತ್ರಿಯೆಲ್ಲ ಸೋತಾನೆ, ಎತ್ತಿನ ಮೇಲಿನ ಆಸೆಗೆ ಬಂದಾನೆ. ಬಿಡ್ರೋ, ನಿಮ್ಮ ಮನೆ ಹಾಳಾಗ!”

“ಬಿಡ್ರೋ!” ಎಂದ ಇನ್ನೊಬ್ಬ. ಜುಟ್ಟು ಹಿಡಿದವನೇ ಅವನು. ಆಮೇಲೆ ಯಾರು ಕೂಗಿದರು ಯಾರು ಕೂಗಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಇಡೀ ಟೆಂಟು ಬಿಡ್ರೋ ಬಿಡ್ರೋ ಎಂದು ಬೊಬ್ಬೆ ಹಾಕಿತು. ಪಾಲಣ್ಣನ ಕೈಯಿಂದ ಬೆತ್ತ ಬಿತ್ತು.

ಯಂತ್ರದ ಸದ್ದು ನಿಂತಿತು.

ಪರದೆಯ ಮೇಲೆ ಕಳ್ಳ ಒಂದು ಕಾಲು ಎತ್ತಿದವನು ಎತ್ತಿದಂತೆಯೇ, ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಂತುಬಿಟ್ಟ. ಬೇಲಿಯ ಮೇಲೆ ಊರವರು ಗಾಳಿಯಲ್ಲಿ ನಿಂತರು. ಕಳ್ಳನ ಬೆನ್ನಿನಲ್ಲಿ ಒಂದು ಕಂದು ಚುಕ್ಕೆ ಎದ್ದಿತು. ಅದು ಹಪ್ಪಳದಂತೆ ಉಬ್ಬಿ ಅಗಲವಾಗುತ್ತ ಅವನನ್ನು ನುಂಗಿತು, ಎತ್ತನ್ನು ನುಂಗಿತು. ಪರದೆ ಪೂರ್ತಿ ಬೆಳ್ಳಗಾಯಿತು. ಹಿಂದೆ ಭುಗ್ಗೆಂದು ಉರಿ ಎದ್ದಿತು. ಹನುಮಂತಯ್ಯ ಓಬಕ್ಕನನ್ನು ಆಚೆ ತಳ್ಳಿ ಗೋಣಿಚೀಲ ಎಸೆದು, ಮಣ್ಣು ಸುರಿದು ನಂದಿಸುವ ಹೊತ್ತಿಗೆ ಉಳಿದ ರೀಲು ಬೂದಿಯಾಗಿತ್ತು.

“ಹೋದ! ಹೋದ ಕಣ್ರೋ!” ಎಂದು ಜನ ಚಪ್ಪಾಳೆ ಹೊಡೆದರು. “ಸಿಗಲಿಲ್ಲ! ತಪ್ಪಿಸ್ಕಂಡ!”

“ಇನ್ನೂ ಐತೆ, ಕುಂತ್ಕಳ್ರಿ! ಕೊನೇಲಿ ನನ್ನ ಕಾಲಿಗೆ ಬೀಳ್ತಾನೆ!” ಎಂದು ಗೋವಿಂದಪ್ಪ ಕೂಗುತ್ತಲೇ ಇದ್ದ. ಜನ ಕಂಬಳಿ ಕೊಡವಿಕೊಂಡು ಗಾಡಿಗಳ ಕಡೆ ನಡೆದಿದ್ದರು.

ಪಾಲಣ್ಣ ಜನರನ್ನು ಸೀಳಿಕೊಂಡು ಹಿಂದಕ್ಕೆ ಓಡಿದ. ಓಬಕ್ಕ ಸೆರಗಿನಲ್ಲಿ ಮುಖದ ಮಸಿ ಒರೆಸಿಕೊಳ್ಳುತ್ತಿದ್ದಳು. ಅವಳ ಕೈಗೆ ಏನೂ ಆಗಿರಲಿಲ್ಲ. ಅದನ್ನು ನೋಡಿಕೊಂಡ ಮೇಲೆ ಅವನಿಗೆ ಸಿಟ್ಟು ಉಕ್ಕಿತು.

“ಕೈ ನಿಲ್ಲಿಸಬ್ಯಾಡ ಅಂತ ಹೇಳಿರಲಿಲ್ವಾ? ಯಾಕೆ ನಿಲ್ಲಿಸ್ದೆ?”

“ಬಿಡು ಅಂದ್ರು, ಬಿಟ್ಟೆ.”

“ಅವರು ಅಂದಿದ್ದು ನಿನಗಾ?”

ಓಬಕ್ಕ ಉತ್ತರ ಕೊಡುವ ಮೊದಲೇ ಬರಗೇರಮ್ಮ ಕೋಲೂರಿಕೊಂಡು ಬಂದು ಇಬ್ಬರ ಮುಂದೆ ನಿಂತಳು. ಕಣ್ಣಿನ ನೀರು ಅವಳ ಕೆನ್ನೆಯ ಸುಕ್ಕಿನಲ್ಲಿ ಇನ್ನೂ ಇತ್ತು. ನಕ್ಕು ಬಂದದ್ದೋ ಮತ್ತೆ ಯಾಕೆ ಬಂದದ್ದೋ. “ತಿಪ್ಪಯ್ಯನ ಮಕ್ಕಳಲ್ವೇನ್ರಪ್ಪ ನೀವು,” ಎಂದಳು. ತಿಪ್ಪಯ್ಯ ಎಂದ ಮೇಲೆ ಬರುವ ನಗುವಿಗೆ ಪಾಲಣ್ಣ ಕಾದ. ಸುತ್ತ ಹತ್ತಾರು ಜನ ನಿಂತಿದ್ದರು, ಎಲ್ಲರಿಗೂ ಹೆಸರು ಕೇಳಿಸಿತ್ತು. ಯಾರೂ ನಗಲಿಲ್ಲ. ಮುದುಕಿ ಅವನ ತಲೆ ಮುಟ್ಟಿ, ಗಾಡಿ ಹೊರಡುತ್ತದೆಂದು ಯಾರೋ ಕೂಗಿದ್ದಕ್ಕೆ ಆ ಕಡೆ ತಿರುಗಿದಳು.

ಟೆಂಟು ಖಾಲಿಯಾಯಿತು. ಪಾಲಣ್ಣ ಬೂದಿಯನ್ನು ಕಾಲಿನಿಂದ ಕೆದಕಿದ. ಮನಸ್ಸು ತಡೆಯದೆ ಹೇಳಿದ: “ಮೂಲದ ರೀಲು ಮುಂಬಯಿಯಲ್ಲೇ ಐತೆ ಅಕ್ಕ. ಉರಿದುಹೋದ ಆ ಕೊನೇ ತುಂಡನ್ನ ಇನ್ನೊಂದು ಸಲ ಮಾಡಿಸಿ ತರಾಣ. ಗೋವಿಂದಪ್ಪಂಗೆ ಮಾತು ಕೊಟ್ಟೀನಿ, ಕಾಲಿಗೆ ಬೀಳೋದು...”

“ಬಿಡು,” ಎಂದಳು ಓಬಕ್ಕ.

ಪಾಲಣ್ಣ ಬಿಟ್ಟ.